ಕೇಳಿ, ಹೇಳುತ್ತೇವೆ: ‘ಕಾಲ್ ಆಫ್ ಕ್ತುಲು’ ಆಡುವವರ ಪ್ರಶ್ನೆಗಳು

ಮೇಜಿನ ಸುತ್ತ ಕೂತು ಕಥೆ ಕಟ್ಟುತ್ತಾ ಆಡುವ ಭಯಾನಕ ಆಟ ‘ಕಾಲ್ ಆಫ್ ಕ್ತುಲು’ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ನಿಯಮಗಳೆಲ್ಲ ಈಗ ಬಳಕೆಯಲ್ಲಿರುವ 7ನೇ ಆವೃತ್ತಿಯವು. ಅಚ್ಚಾಗಿ ಬಂದಿರುವ ಕಥೆಗಳ ಗುಟ್ಟು ರಟ್ಟಾಗಬಾರದೆಂದು ಉದಾಹರಣೆಗಳನ್ನು ನಾವೇ ಹೊಸೆದಿದ್ದೇವೆ.

ನಾವು ನಾಲ್ವರು ಗೆಳತಿಯರು. ಆಟದ ಹೆಸರು ಕೇಳಿದ್ದೇವೆ, ಆಡಿಲ್ಲ. ಏನೇನು ಕೊಳ್ಳಬೇಕು, ಎಷ್ಟು ಹೊತ್ತು ಬೇಕು? (ಹಾಸನ)

ಮೊದಲ ಆಟಕ್ಕೆ ದಾಳಗಳ ಹೊರತು ಏನನ್ನೂ ಕೊಳ್ಳಬೇಡಿ. ಆಟವನ್ನು 1981ರಲ್ಲಿ ಹೊರತಂದ ಅಮೆರಿಕದ ಕೇಯಾಸಿಯಂ ಪ್ರಕಾಶನವೇ ‘ಕ್ವಿಕ್ ಸ್ಟಾರ್ಟ್’ ಎಂಬ ಕಿರುಪುಸ್ತಕವನ್ನು ತನ್ನ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಮುಖ್ಯ ನಿಯಮಗಳು, ಪಾತ್ರದ ವಿವರ ತುಂಬುವ ಖಾಲಿ ಶೀಟ್, ಒಂದು ಪೂರ್ತಿ ಕಥೆ, ಎಲ್ಲವೂ ಅದರಲ್ಲಿದೆ. ನಿಮ್ಮಲ್ಲಿ ಒಬ್ಬರು ಕೀಪರ್ ಆಗಿ: ಕಥೆಯ ಲೋಕ, ಅಲ್ಲಿಯ ಜನ, ಅಡಗಿರುವ ಭೀತಿ ಅವರ ಕೈಯಲ್ಲಿ. ಉಳಿದ ಮೂವರು ತನಿಖೆಗಾರರು. ಅವರು ವೀರರಲ್ಲ, ಪತ್ರಕರ್ತೆ, ವೈದ್ಯ, ಪ್ರಾಧ್ಯಾಪಕರಂಥ ಸಾಮಾನ್ಯ ಜನ. ಕಾಲ ಬಹುತೇಕ 1920ರ ದಶಕ, ಸ್ಥಳ ಅಮೆರಿಕದ ನ್ಯೂ ಇಂಗ್ಲೆಂಡ್, ಏಕೆಂದರೆ ಆಟಕ್ಕೆ ಮೂಲವಾದ ಎಚ್.ಪಿ. ಲವ್‌ಕ್ರಾಫ್ಟ್ ಕಥೆಗಳು ಹುಟ್ಟಿದ್ದು ಅಲ್ಲೇ.

ದಾಳಗಳಲ್ಲಿ ಅತಿ ಮುಖ್ಯವಾದವು ಹತ್ತು ಮುಖದ ಎರಡು. ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿ ಸ್ಥಾನಕ್ಕೆ. 30 ಮತ್ತು 4 ಬಿದ್ದರೆ 34. 00 ಮತ್ತು 0 ಬಿದ್ದರೆ ಅದು ಸೊನ್ನೆಯಲ್ಲ, 100. ಆಟದಲ್ಲಿ ಅದಕ್ಕಿಂತ ಕೆಟ್ಟ ಅಂಕಿ ಇಲ್ಲ. ಇವುಗಳ ಜೊತೆಗೆ ಲೂಡೊದಲ್ಲಿರುವಂಥ ಆರು ಮುಖದ ಮೂರು ದಾಳ, ನಾಲ್ಕು ಮತ್ತು ಎಂಟು ಮುಖದ ಒಂದೊಂದು ಇದ್ದರೆ ಆಯಿತು. ದಾಳ ಸಿಗದ ಊರಿನಲ್ಲಿ ಮೊಬೈಲ್ ಆ್ಯಪ್ ಸಾಕು. ಸಮಯ ಮೂರರಿಂದ ನಾಲ್ಕು ಗಂಟೆ ಎಂದಿಟ್ಟುಕೊಳ್ಳಿ. ಕೀಪರ್ ಆಗುವವರು ಮೊದಲು ‘ಅಲೋನ್ ಅಗೇನ್ಸ್ಟ್ ದ ಫ್ಲೇಮ್ಸ್’ ಎಂಬ ಒಬ್ಬರೇ ಆಡುವ ಕಥೆಯನ್ನು ಆಡಿ ನೋಡಲಿ. ನಿಯಮಗಳನ್ನು ಒಂದೊಂದಾಗಿ ಕಲಿಸುತ್ತಾ ಸಾಗುತ್ತದೆ, ಅದೂ ಉಚಿತ.

ಪಾತ್ರದ ಶೀಟ್ ತುಂಬಿಸಲು ನಮಗೆ ಇಡೀ ಸಂಜೆ ಹಿಡಿಯಿತು. ಒಂದು ಉದಾಹರಣೆ ಕೊಟ್ಟು ವಿವರಿಸಿ. (ಧಾರವಾಡ)

ಎಂಟು ಗುಣಗಳಿವೆ. ಎಸ್‌ಟಿಆರ್ (ದೇಹಬಲ), ಕಾನ್ (ತಾಳಿಕೆ), ಡೆಕ್ಸ್ (ಚುರುಕು), ಆಪ್ (ರೂಪ), ಪೌ (ಮನೋಬಲ), ಈ ಐದಕ್ಕೆ ಆರು ಮುಖದ ಮೂರು ದಾಳ ಹಾಕಿ ಬಂದ ಮೊತ್ತವನ್ನು 5ರಿಂದ ಗುಣಿಸಬೇಕು. ಸಿಜ್ (ಮೈಕಟ್ಟು), ಇಂಟ್ (ಬುದ್ಧಿ), ಎಜು (ಓದು), ಈ ಮೂರಕ್ಕೆ ಎರಡೇ ದಾಳ, ಮೊತ್ತಕ್ಕೆ 6 ಕೂಡಿಸಿ 5ರಿಂದ ಗುಣಿಸಬೇಕು. ವಯಸ್ಕರ ಮೈಕಟ್ಟೂ ಓದೂ ತೀರಾ ಕೆಳಗಿಳಿಯದಿರಲೆಂದೇ ಆ 6. ಅದೃಷ್ಟ, ಅಂದರೆ ಲಕ್, ಬೇರೆಯೇ ಅಂಕಿ: ಮೂರು ದಾಳ, ಗುಣಿಸು 5.

ಬಾಸ್ಟನ್ನಿನ ಒಬ್ಬ ಪತ್ರಕರ್ತೆಯನ್ನು ತೆಗೆದುಕೊಳ್ಳೋಣ. ಕಾನ್ 55, ಸಿಜ್ 65. ಎರಡನ್ನೂ ಕೂಡಿಸಿ 10ರಿಂದ ಭಾಗಿಸಿದರೆ ಜೀವಾಂಕ 12. ಪೌ 60, ಹಾಗಾಗಿ ಆರಂಭದ ಸ್ಯಾನಿಟಿಯೂ (ಮನಸ್ಸಿನ ಸ್ಥಿಮಿತ) 60. ಎಜು 75 ಇದ್ದರೆ ಪತ್ರಕರ್ತರ ವೃತ್ತಿಗೆ ಅದರ ನಾಲ್ಕರಷ್ಟು, ಅಂದರೆ 300 ಅಂಕ ವೃತ್ತಿಯ ಕೌಶಲಗಳಿಗೆ. ಇಂಟ್ 70 ಇದ್ದರೆ ಎರಡರಷ್ಟು, 140 ಅಂಕ ಸ್ವಂತ ಆಸಕ್ತಿಗೆ. ಶೀಟಿನಲ್ಲಿ ಪ್ರತಿ ಕೌಶಲದ ಪಕ್ಕ ಅಚ್ಚಾಗಿರುವ ಅಂಕಿಯ ಮೇಲೆ ಇವನ್ನು ಕೂಡಿಸುತ್ತಾ ಹೋಗಿ. ಉದಾಹರಣೆಗೆ ‘ಲೈಬ್ರರಿ ಯೂಸ್’ 20ರಿಂದ ಶುರು. 45 ಹಾಕಿದರೆ 65. ಹಣಕಾಸಿನ ಅಂಕಿ ‘ಕ್ರೆಡಿಟ್ ರೇಟಿಂಗ್’ ಕೂಡ ಈ 300ರಿಂದಲೇ ಹೋಗಬೇಕು. ಇದನ್ನು ಮರೆತು ಕೊನೆಗೆ ಲೆಕ್ಕ ತಪ್ಪುವವರೇ ಹೆಚ್ಚು.

ಪ್ರತಿ ಅಂಕಿಯ ಪಕ್ಕ ಅದರ ಅರ್ಧ, ಅದರ ಐದನೇ ಒಂದು ಪಾಲು ಬರೆದಿಡಿ: 65, 32, 13. ಹತ್ತು ಮುಖದ ಎರಡು ದಾಳ ಹಾಕಿದಾಗ (ಇದೇ ‘ರೋಲ್’) ಮಾಮೂಲು ಕೆಲಸಕ್ಕೆ 65ರೊಳಗೆ ಬಿದ್ದರೆ ಸಾಕು, ಕಠಿಣಕ್ಕೆ 32ರೊಳಗೆ, ಅತಿ ಕಠಿಣಕ್ಕೆ 13ರೊಳಗೆ. ಆಟದ ನಡುವೆ ಭಾಗಾಕಾರಕ್ಕೆ ಕೂತರೆ ಭಯ ಹಾರಿಹೋಗುತ್ತದೆ.

ಹೊತ್ತಿಲ್ಲವೇ? ನಿಯಮದಲ್ಲೇ ಹತ್ತು ನಿಮಿಷದ ದಾರಿಯಿದೆ. 80, 70, 60, 60, 50, 50, 50, 40 ಈ ಎಂಟನ್ನು ಇಷ್ಟ ಬಂದಂತೆ ಗುಣಗಳಿಗೆ ಹಂಚಿ. ವೃತ್ತಿಯ ಎಂಟು ಕೌಶಲ ಮತ್ತು ಕ್ರೆಡಿಟ್ ರೇಟಿಂಗ್ ಸೇರಿ ಒಂಬತ್ತಕ್ಕೆ ಒಂದು 70, ಎರಡು 60, ಮೂರು 50, ಮೂರು 40. ವೃತ್ತಿಯ ಹೊರಗಿನ ನಾಲ್ಕು ಕೌಶಲಕ್ಕೆ ತಲಾ 20 ಕೂಡಿಸಿ. ಹೊಸಬರಿಗೆ ಇದೇ ಮೇಲು ಎನ್ನುತ್ತೇವೆ. ಎಲ್ಲರಿಗೂ ಒಂದೊಂದು 70 ಇರುವುದರಿಂದ ಯಾರೂ ಸುಮ್ಮನೆ ಕೂರಬೇಕಾಗುವುದಿಲ್ಲ.

ನಾನು ಕೀಪರ್. ಮುಖ್ಯ ಸುಳಿವು ಮೇಜಿನ ಗುಪ್ತ ಖಾನೆಯಲ್ಲಿತ್ತು. ನಾಲ್ವರೂ ‘ಸ್ಪಾಟ್ ಹಿಡನ್’ (ಅಡಗಿದ್ದನ್ನು ಕಾಣುವ ಕೌಶಲ) ರೋಲ್ ಮಾಡಿದರು, ನಾಲ್ವರೂ ಸೋತರು. ಕಥೆ ಅಲ್ಲೇ ನಿಂತಿತು. (ಮಂಗಳೂರು)

ಈ ಆಟ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಲೆಕ್ಕ ನೋಡಿ. ಸ್ಪಾಟ್ ಹಿಡನ್ ಯಾರೂ ಬೆಳೆಸದಿದ್ದರೆ 25. ಒಬ್ಬರು ಸೋಲುವ ಸಾಧ್ಯತೆ ನೂರಕ್ಕೆ 75, ನಾಲ್ವರೂ ಸೋಲುವುದು ಸುಮಾರು ನೂರಕ್ಕೆ 32. ಅಂದರೆ ಮೂರು ಮನೆಯವರು ಇದೇ ಕಥೆ ಆಡಿದರೆ ಸರಾಸರಿ ಒಂದು ಮನೆಯಲ್ಲಿ ಆಟ ನಿಲ್ಲುತ್ತದೆ. ತಪ್ಪು ಆಟಗಾರರದ್ದೂ ಅಲ್ಲ, ದಾಳದ್ದೂ ಅಲ್ಲ. ಕಥೆ ಮುಂದೆ ಹೋಗಲು ಬೇಕೇಬೇಕಾದ ಸುಳಿವನ್ನು ದಾಳದ ಹಿಂದೆ ಬಚ್ಚಿಟ್ಟದ್ದೇ ತಪ್ಪು.

ಅಗತ್ಯವಾದ ಸುಳಿವನ್ನು ಸರಿಯಾದ ಜಾಗದಲ್ಲಿ ಹುಡುಕಿದವರಿಗೆ ರೋಲ್ ಇಲ್ಲದೆ ಕೊಟ್ಟುಬಿಡಿ. ಮೇಜನ್ನು ಹುಡುಕುತ್ತೇನೆ ಎಂದರೇ? ಖಾನೆ ಸಿಕ್ಕಿತು, ಪತ್ರ ಸಿಕ್ಕಿತು. ದಾಳವನ್ನು ಬೇರೆ ಪ್ರಶ್ನೆಗೆ ಇಡಿ: ಯಾರಾದರೂ ಬರುವ ಮೊದಲು ಸಿಕ್ಕಿತೇ? ಖಾನೆ ತೆರೆದ ಗುರುತು ಉಳಿಯಿತೇ? ಪತ್ರದ ಜೊತೆಗೆ ಅಂಚಿನಲ್ಲಿ ಬರೆದ ಇನ್ನೊಂದು ಹೆಸರೂ ಕಣ್ಣಿಗೆ ಬಿತ್ತೇ? ಗೆದ್ದರೆ ಹೆಚ್ಚಿನದು ಸಿಗುತ್ತದೆ, ಸೋತರೆ ಬೆಲೆ ತೆರಬೇಕಾಗುತ್ತದೆ, ಎರಡರಲ್ಲೂ ಕಥೆ ನಡೆಯುತ್ತದೆ. ಸೋಲಿನಿಂದ ‘ಏನೂ ಆಗಲಿಲ್ಲ’ ಎನ್ನುವುದೊಂದೇ ಉತ್ತರವಾದರೆ ಆ ರೋಲನ್ನು ಕೇಳಲೇಬೇಡಿ.

ಇನ್ನೊಂದು: ಆಟಗಾರರು ತಲುಪಬೇಕಾದ ಪ್ರತಿ ತೀರ್ಮಾನಕ್ಕೂ ಕನಿಷ್ಠ ಮೂರು ಸುಳಿವು, ಮೂರು ಬೇರೆ ಬೇರೆ ಜಾಗದಲ್ಲಿ. ಮ್ಯಾಸಚೂಸೆಟ್ಸ್ ಕರಾವಳಿಯ ಒಂದು ದೀಪಸ್ತಂಭದ ಕಾವಲುಗಾರ ಕಾಣೆಯಾಗಿದ್ದಾನೆ ಎನ್ನಿ. ‘ಅವನು ಬೇಕೆಂದೇ ದೀಪವನ್ನು ಕಡಲಿನ ಬೇರೊಂದು ದಿಕ್ಕಿಗೆ ತಿರುಗಿಸುತ್ತಿದ್ದ’ ಎಂದು ಅವರಿಗೆ ತಿಳಿಯಬೇಕು. ದಿನಚರಿ ಪುಸ್ತಕದಲ್ಲಿ ಕೆಲವು ರಾತ್ರಿಗಳಲ್ಲಿ ಸೀಮೆಎಣ್ಣೆ ಎರಡರಷ್ಟು ಖರ್ಚಾದ ಲೆಕ್ಕವಿದೆ. ಹಿತ್ತಾಳೆ ಚೌಕಟ್ಟಿನ ಮೇಲೆ ಒಂದೇ ಕಡೆ ಹೊಸ ಗೀರುಗಳಿವೆ. ಹಳ್ಳಿಯ ಬೆಸ್ತರು ಆ ರಾತ್ರಿಗಳಲ್ಲಿ ದೋಣಿ ಇಳಿಸುವುದಿಲ್ಲ, ಕೇಳಿದರೆ ಮಾತು ತಪ್ಪಿಸುತ್ತಾರೆ. ಒಂದು ಕಾಗದದಲ್ಲಿ, ಒಂದು ವಸ್ತುವಿನಲ್ಲಿ, ಒಂದು ಜನರ ಬಾಯಲ್ಲಿ. ಪುಸ್ತಕ ಪ್ರಿಯ ಪ್ರಾಧ್ಯಾಪಕನಿಗೂ ಮಾತುಗಾರ ಮಾರಾಟಗಾರನಿಗೂ ದಾರಿ ಸಿಗುತ್ತದೆ. ಇವು ಮೂರಕ್ಕೂ ರೋಲ್ ಕೇಳಿದರೂ, ಮೊದಲಿನ ಲೆಕ್ಕದಲ್ಲೇ ಮೂರೂ ತಪ್ಪಿಹೋಗುವ ಸಾಧ್ಯತೆ ನೂರಕ್ಕೆ 3ರ ಆಸುಪಾಸಿಗೆ ಇಳಿಯುತ್ತದೆ.

ಸೋತ ರೋಲನ್ನು ಇನ್ನೊಮ್ಮೆ ಹಾಕುವ ಅವಕಾಶವೂ ಇದೆ, ಅದಕ್ಕೆ ‘ಪುಶ್’ ಎನ್ನುತ್ತಾರೆ. ‘ಮತ್ತೆ ನೋಡುತ್ತೇನೆ’ ಎಂದರೆ ಸಾಲದು. ಹೊಸದಾಗಿ ಏನು ಮಾಡುತ್ತೀರಿ ಎಂದು ಆಟಗಾರರು ಹೇಳಬೇಕು, ಉದಾಹರಣೆಗೆ ಮೇಜನ್ನು ಒಡೆಯುತ್ತೇನೆ ಎಂದು. ಆಗ ಕೀಪರ್ ದಾಳ ಬೀಳುವ ಮೊದಲೇ ಅಪಾಯದ ಸುಳಿವು ಕೊಡಬೇಕು: ‘ಸದ್ದು ಮಹಡಿಯವರೆಗೆ ಕೇಳೀತು.’ ಸೋತರೆ ಆ ಅಪಾಯ ಬಂದೇ ಬರಬೇಕು. ಲೈಬ್ರರಿಯಲ್ಲಿ ಪುಶ್ ಮಾಡಿದರೆ ಇನ್ನೂ ನಾಲ್ಕು ಗಂಟೆ ಹೋಗುತ್ತದೆ, ಹೊರಗೆ ಕತ್ತಲಾಗುತ್ತದೆ. ಆಟಗಾರರು ತಿಳಿದೂ ತಿಳಿದೂ ದಾಳ ಕೈಗೆತ್ತಿಕೊಳ್ಳುವ ಆ ಕ್ಷಣ ಯಾವ ದೆವ್ವದ ವರ್ಣನೆಗಿಂತಲೂ ಹೆಚ್ಚು ಹೆದರಿಸುತ್ತದೆ. ಹೊಡೆದಾಟ, ಸ್ಯಾನಿಟಿ, ಲಕ್ ರೋಲ್‌ಗಳಿಗೆ ಮಾತ್ರ ಪುಶ್ ಇಲ್ಲ.

ಇಷ್ಟಾದರೂ ದಾರಿ ತಪ್ಪಿದರೆ ‘ಐಡಿಯಾ ರೋಲ್’ ಇದೆ, ಬುದ್ಧಿಯ ಅಂಕಿಯ ಮೇಲೆ. ಗೆದ್ದರೆ ಸುಳಿವು ನೆಮ್ಮದಿಯಾಗಿ ಸಿಗುತ್ತದೆ. ಸೋತರೂ ಸಿಗುತ್ತದೆ, ಆದರೆ ಕಾವಲುಗಾರನ ಮನೆಯ ನೆಲಮಾಳಿಗೆಯಲ್ಲಿ, ಮೇಲೆ ಬಾಗಿಲು ಮುಚ್ಚಿಕೊಂಡ ಸದ್ದಿನ ಜೊತೆಗೆ.

ಸ್ಯಾನಿಟಿ ಕಳೆದಾಗಲೆಲ್ಲ ನಮ್ಮ ಹುಡುಗರು ಹುಚ್ಚರಂತೆ ನಟಿಸಿ ನಗಿಸುತ್ತಾರೆ. ಈ ನಿಯಮ ನಿಜಕ್ಕೂ ಹೇಗೆ ನಡೆಯಬೇಕು? (ಬೆಂಗಳೂರು)

ಅಂಕಿಗಳನ್ನು ಮೊದಲು ಸರಿಮಾಡಿಕೊಳ್ಳಿ. ಭೀಕರವಾದುದನ್ನು ಕಂಡಾಗ ಆಗಿನ ಸ್ಯಾನಿಟಿಯ ಮೇಲೆ ನೂರರ ರೋಲ್. ನಷ್ಟವನ್ನು ಎರಡು ಭಾಗದಲ್ಲಿ ಬರೆದಿರುತ್ತಾರೆ: 0/1ಡಿ3 ಎಂದರೆ ಗೆದ್ದರೆ ಏನೂ ಇಲ್ಲ, ಸೋತರೆ 1ರಿಂದ 3. ಅನಿರೀಕ್ಷಿತವಾಗಿ ಶವ ಕಂಡರೆ ಇಷ್ಟು. ಶವ ಗೋರಿಯಿಂದ ಎದ್ದರೆ 1/1ಡಿ10. ಆಟಕ್ಕೆ ಹೆಸರು ಕೊಟ್ಟ ದೈತ್ಯಜೀವಿ ಕ್ತುಲುವನ್ನೇ ಕಂಡರೆ 1ಡಿ10/1ಡಿ100, ಗೆದ್ದವರೂ ತಪ್ಪಿಸಿಕೊಳ್ಳುವುದಿಲ್ಲ.

ಒಂದೇ ಏಟಿಗೆ 5 ಅಥವಾ ಹೆಚ್ಚು ಹೋದರೆ ಬುದ್ಧಿಯ ರೋಲ್. ಇಲ್ಲಿ ಅನೇಕರು ತಿರುಗುಮುರುಗಾಗಿ ಓದುತ್ತಾರೆ. ರೋಲ್ ಸೋತರೆ ಪಾತ್ರ ಪಾರು, ಮನಸ್ಸು ಆ ನೆನಪನ್ನು ಅದುಮಿಟ್ಟಿತು. ಗೆದ್ದರೆ ತಾನು ಕಂಡದ್ದರ ಅರ್ಥ ಪೂರ್ತಿ ಹೊಳೆಯಿತು, ಅದಕ್ಕೇ ಮನಸ್ಸು ಮುರಿಯಿತು. ಜಾಣರಿಗೇ ಅಪಾಯ ಹೆಚ್ಚು. ಲವ್‌ಕ್ರಾಫ್ಟ್ ಕಥೆಗಳ ತಿರುಳನ್ನು ಒಂದೇ ರೋಲಿನಲ್ಲಿ ಹಿಡಿದಿಟ್ಟ ನಿಯಮ ಇದು. ನಮ್ಮ ಮೆಚ್ಚಿನದೂ ಹೌದು.

ಮುರಿದಾಗ ಮೊದಲು ಬರುವುದು 1ಡಿ10 ಸುತ್ತುಗಳ ಆವೇಶ. ಆ ಹೊತ್ತು ಪಾತ್ರ ಏನು ಮಾಡುತ್ತದೆಂದು ಹೇಳುವವರು ಕೀಪರ್, ಆಟಗಾರರಲ್ಲ. ನಿಮ್ಮ ಹುಡುಗರ ನಗೆಯಾಟ ನಿಲ್ಲಬೇಕಾದ್ದು ಇಲ್ಲಿ. ‘ಹುಚ್ಚನಂತೆ ಮಾಡು’ ಎಂದು ಆಟಗಾರನ ಕೈಗೆ ಬಿಟ್ಟರೆ ಅವನು ಇನ್ನೇನು ತಾನೇ ಮಾಡಿಯಾನು? ಕೀಪರ್ ಆ ಪಾತ್ರದ ಬದುಕಿನಿಂದಲೇ ಒಂದನ್ನು ಎತ್ತಿಕೊಳ್ಳಬೇಕು. ಶೀಟಿನ ಹಿಂಬದಿಯಲ್ಲಿ ಆಪ್ತರು, ನಂಬಿಕೆ, ಅಮೂಲ್ಯ ವಸ್ತು ಎಂಬ ಅಂಕಣಗಳಿರುವುದು ಇದಕ್ಕೆ. ಪತ್ರಕರ್ತೆಯ ತಮ್ಮ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡಿದ್ದರೆ, ಆವೇಶ ಇಳಿದಾಗ ಅವಳು ಮಣ್ಣಾದ ಕೈಯಲ್ಲಿ ಆ ತಮ್ಮನ ಹೆಸರನ್ನು ಬರೆಯುತ್ತಾ ಕೂತಿದ್ದಾಳೆ. ಹೇಗೆ ಅಲ್ಲಿಗೆ ಬಂದಳೆಂದು ನೆನಪಿಲ್ಲ. ಯಾರೂ ನಗುವುದಿಲ್ಲ. ಆವೇಶ ನಡೆಯುತ್ತಿರುವಾಗ ಮತ್ತೆ ಸ್ಯಾನಿಟಿ ಕಳೆಯಬಾರದು, ಇದು ನಿಯಮ.

ಆಮೇಲೆ 1ಡಿ10 ಗಂಟೆ ಪಾತ್ರ ಆಟಗಾರರ ಕೈಯಲ್ಲೇ ಇರುತ್ತದೆ, ಆದರೆ ಮನಸ್ಸು ತೆಳುವಾಗಿರುತ್ತದೆ: ಇನ್ನೊಂದೇ ಅಂಕ ಹೋದರೂ ಮತ್ತೆ ಆವೇಶ. ದಿನವೊಂದರಲ್ಲಿ ಇದ್ದ ಸ್ಯಾನಿಟಿಯ ಐದನೇ ಒಂದು ಪಾಲು ಕಳೆದರೆ, 60 ಇದ್ದವರಿಗೆ 12, ತಿಂಗಳುಗಳ ಆರೈಕೆ ಬೇಕಾಗುವ ಸ್ಥಿತಿ. ಗೂಢಜ್ಞಾನದ ಕೌಶಲ ‘ಕ್ತುಲು ಮಿಥೋಸ್’ ಎಷ್ಟು ಏರುತ್ತದೋ ಸ್ಯಾನಿಟಿಯ ಗರಿಷ್ಠ ಮಿತಿ 99ರಿಂದ ಅಷ್ಟು ಇಳಿಯುತ್ತದೆ. ಆ ಮಿತಿ ಮತ್ತೆ ಏರುವುದಿಲ್ಲ.

ಕಾಯಿಲೆಯ ಹೆಸರುಗಳನ್ನು ಮೇಜಿನ ಮೇಲೆ ತರಬೇಡಿ. ಮನೋರೋಗವನ್ನು ಬದುಕಿನಲ್ಲಿ ಕಂಡವರು ನಿಮ್ಮ ಜೊತೆಗೇ ಕೂತಿರಬಹುದು. ‘ಕಿಟಕಿಗೆ ಬೆನ್ನು ಮಾಡಿ ಕೂರಲಾರ’ ಎಂದರೆ ಸಾಕು. ಆಟಕ್ಕೆ ಮೊದಲು ಐದು ನಿಮಿಷ, ಯಾವ ವಿಷಯ ಬರಲೇಬಾರದು, ಯಾವುದನ್ನು ಪರದೆಯ ಹಿಂದೆ ಇಡಬೇಕು ಎಂದು ಎಲ್ಲರನ್ನೂ ಕೇಳಿಬಿಡಿ. ಮಕ್ಕಳ ಮೇಲಿನ ಹಿಂಸೆ, ಆತ್ಮಹತ್ಯೆ ಬೇಡವೆನ್ನುವವರು ಬಹಳ ಮಂದಿ. ನಡುವೆ ಯಾರಾದರೂ ‘ಇದು ಬೇಡ’ ಎಂದರೆ ಕಾರಣ ಕೇಳದೆ ಮುಂದಕ್ಕೆ ಹೋಗಿ.

ಮೊದಲ ಆಟದಲ್ಲೇ ಐವರೂ ಸತ್ತರು. ನಿಯಮ ತಪ್ಪಾಗಿ ಓದಿದೆವಾ? (ಬಳ್ಳಾರಿ)

ಪೂರ್ತಿ ತಪ್ಪಿರಲಾರದು. ಜೀವಾಂಕ 12 ಇರುವವರ ಮೇಲೆ .38 ರಿವಾಲ್ವರಿನ ಒಂದು ಗುಂಡು 1ಡಿ10. ಹತ್ತು ಗಜದೊಳಗೆ 12 ಗೇಜ್ ಶಾಟ್‌ಗನ್ 4ಡಿ6, ಅಂದರೆ ಆರು ಮುಖದ ನಾಲ್ಕು ದಾಳದ ಮೊತ್ತ, ಸರಾಸರಿ 14. ಒಂದೇ ಏಟು ಪೂರ್ಣ ಜೀವಾಂಕವನ್ನು ಮೀರಿದರೆ ಅಲ್ಲೇ ಸಾವು. ಹೊಡೆದಾಟ ಇಲ್ಲಿ ಕೊನೆಯ ಉಪಾಯವೆಂದೇ ಅಂಕಿಗಳನ್ನು ಹೀಗಿಟ್ಟಿದ್ದಾರೆ.

ಆದರೆ ಹೊಸಬರು ತಪ್ಪುವ ಎರಡು ಜಾಗ ನೋಡಿಕೊಳ್ಳಿ. ಮೊದಲನೆಯದು, 0 ಆದ ಕೂಡಲೇ ಸತ್ತರೆಂದು ಶೀಟ್ ಹರಿಯುವುದು. ಸಣ್ಣ ಗಾಯಗಳು ಸೇರಿ 0 ಆದರೆ ಬರೀ ಮೂರ್ಛೆ. ಒಂದೇ ಏಟಿಗೆ ಅರ್ಧ ಜೀವಾಂಕ ಹೋಗಿದ್ದರೆ, ಇಲ್ಲಿ 6, ಅದು ದೊಡ್ಡ ಗಾಯ. ಅಂಥ ಗಾಯವಿದ್ದು 0 ಆದಾಗ ಮಾತ್ರ ಸಾವಿನಂಚು. ಆಗಲೂ ಪ್ರತಿ ಸುತ್ತಿಗೆ ತಾಳಿಕೆಯ ರೋಲ್ ಉಂಟು, ಪಕ್ಕದವರು ಪ್ರಥಮ ಚಿಕಿತ್ಸೆಯಲ್ಲಿ ಗೆದ್ದರೆ ಸದ್ಯಕ್ಕೆ ಉಳಿಯುತ್ತಾರೆ, ಆಮೇಲೆ ವೈದ್ಯರು ಬೇಕು. ಎರಡನೆಯದು, ಕೈಗೈ ಜಗಳದಲ್ಲಿ ಏಟು ತಿನ್ನುವವರಿಗೆ ಪ್ರತಿ ಸಲವೂ ತಪ್ಪಿಸಿಕೊಳ್ಳುವ ಅಥವಾ ತಿರುಗಿ ಹೊಡೆಯುವ ಹಕ್ಕಿದೆ ಎಂಬುದನ್ನು ಮರೆಯುವುದು. ಇಬ್ಬರ ಗೆಲುವಿನ ಮಟ್ಟ ಸಮನಾದರೆ, ತಪ್ಪಿಸಿಕೊಂಡವರು ಗೆದ್ದಂತೆ; ತಿರುಗಿ ಹೊಡೆದವರಾದರೆ ಸೋತಂತೆ.

ಓಡುವುದಕ್ಕೆ ಒಂದು ಬಾಗಿಲು ಇದ್ದೇ ಇರಲಿ. ಅದು ಕಾಣುವಂತೆಯೂ ಇರಲಿ.

ಅಣ್ಣ ಕ್ಯಾಲಿಫೋರ್ನಿಯಾದಲ್ಲಿ, ನಾವು ಮೈಸೂರಿನಲ್ಲಿ. ಆನ್‌ಲೈನ್ ಆಡಬಹುದೇ? (ಮೈಸೂರು)

ಖಂಡಿತ. ರೋಲ್20 ತಾಣದಲ್ಲಿ ಈ ಆಟದ ಶೀಟ್ ಸಿದ್ಧವಿದೆ, ಅರ್ಧ ಮತ್ತು ಐದನೇ ಪಾಲನ್ನು ಅದೇ ಲೆಕ್ಕ ಹಾಕುತ್ತದೆ. ಮಾತಿಗೆ ಡಿಸ್ಕಾರ್ಡ್ ಆ್ಯಪ್. ನಿಮ್ಮ ಶನಿವಾರ ಬೆಳಗ್ಗೆ 7.30 ಎಂದರೆ ಅಣ್ಣನಿಗೆ ಶುಕ್ರವಾರ ಸಂಜೆ 7, ಚಳಿಗಾಲದಲ್ಲಿ 6. ಎರಡೂವರೆ ಗಂಟೆಗೆ ನಿಲ್ಲಿಸಿ, ಪರದೆಯ ಮುಂದೆ ಗಮನ ಅದಕ್ಕಿಂತ ಹೆಚ್ಚು ನಿಲ್ಲದು. ಒಬ್ಬರಿಗಷ್ಟೇ ಕಂಡ ಸಂಗತಿಯನ್ನು ಅವರಿಗೆ ಮಾತ್ರ ಸಂದೇಶವಾಗಿ ಕಳಿಸಿ. ಎದುರು ಕೂತಾಗ ಇಷ್ಟು ಸಲೀಸಾಗಿ ಗುಟ್ಟು ಹೇಳಲಾಗದು.

ಹಳೆಯ ಪತ್ರದಂತೆ ಕಾಣುವ ಕಾಗದ ಮಾಡುವುದು ಹೇಗೆ? (ಉಡುಪಿ)

ಲೇಸರ್ ಪ್ರಿಂಟ್ ಅಥವಾ ಬಾಲ್‌ಪೆನ್ ಬಳಸಿ. ಇಂಕ್‌ಜೆಟ್ ಶಾಯಿ ಒದ್ದೆಯಾದರೆ ಹರಡಿಬಿಡುತ್ತದೆ. ಹಾಲಿಲ್ಲದ ಗಟ್ಟಿ ಚಹಾ ಕುದಿಸಿ, ಆರಿಸಿ, ಅಗಲ ತಟ್ಟೆಯಲ್ಲಿ ಕಾಗದವನ್ನು ಐದು ನಿಮಿಷ ಮುಳುಗಿಸಿ. ಎತ್ತುವಾಗ ಎರಡೂ ಕೈ ಬಳಸಿ. ನೆರಳಿನಲ್ಲಿ ಒಣಗಿಸಿ, ಅರೆ ಒಣಗಿದಾಗ ಮಡಚಿದರೆ ಗೆರೆ ಚೆನ್ನಾಗಿ ಮೂಡುತ್ತದೆ. ಬರಹ ಹದಿನೈದು ಸಾಲು ಮೀರದಿರಲಿ. ಉದ್ದ ಪತ್ರವನ್ನು ಒಬ್ಬರು ಓದುವಾಗ ಉಳಿದವರು ಮೊಬೈಲ್ ತೆಗೆಯುತ್ತಾರೆ.

ಕಥೆಯನ್ನು 1920ರ ದಶಕದ ಮೈಸೂರು ಸಂಸ್ಥಾನಕ್ಕೆ ತರಬಹುದೇ? ಭೂತಕೋಲವನ್ನೂ ಸೇರಿಸುವ ಆಸೆ. (ಪುತ್ತೂರು)

ಸಂಸ್ಥಾನಕ್ಕೆ ತರಬಹುದು, ಬೇಕಾದ ಸಾಮಗ್ರಿ ಅಲ್ಲೇ ಇದೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ ಆ ದಶಕದುದ್ದಕ್ಕೂ ನಡೆದಿತ್ತು. ಹಳ್ಳಿಗಳೂ ವೇಣುಗೋಪಾಲ ದೇವಸ್ಥಾನವೂ ನೀರಿನಡಿ ಹೋದವು. ಕೋಲಾರದ ಚಿನ್ನದ ಗಣಿಗಳಿಗೆ 1902ರಿಂದಲೇ ಶಿವನಸಮುದ್ರದ ವಿದ್ಯುತ್ ಬರುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯ 1916ರದು. ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಿವೆ, ಶಾಸನ ಓದುವ ಪುರಾತತ್ವ ಇಲಾಖೆಯಿದೆ. ಶಾಸನತಜ್ಞ, ಗಣಿಯ ಎಂಜಿನಿಯರ್, ಭೂಸ್ವಾಧೀನದ ಅಮಲ್ದಾರ ಒಟ್ಟಿಗೆ ಸೇರಲು ಬೇರೆ ನೆಪವೇ ಬೇಡ.

ನಿಯಮದಲ್ಲಿ ಬದಲಿಸಬೇಕಾದ್ದು ಸ್ವಲ್ಪ. ಶೀಟಿನ ಡಾಲರನ್ನು ಮೂರು ರೂಪಾಯಿ ಎಂದು ಹಿಡಿದರೆ ಸಾಕು. ಬ್ರಿಟಿಷ್ ಇಂಡಿಯಾದಲ್ಲಿ 1878ರ ಆಯುಧ ಕಾಯ್ದೆಯಡಿ ಬಂದೂಕಿಗೆ ಪರವಾನಗಿ ಬೇಕಿತ್ತು. ಅದೇ ಬಿಗಿಯನ್ನು ಇಲ್ಲಿಯೂ ಇಡಿ, ಆಟಕ್ಕೆ ಒಳ್ಳೆಯದೇ. ‘ಓನ್ ಲ್ಯಾಂಗ್ವೇಜ್’ ಕನ್ನಡವಾದರೆ ಇಂಗ್ಲಿಷ್, ಸಂಸ್ಕೃತ, ಉರ್ದು, ತಮಿಳು ಪ್ರತಿಯೊಂದಕ್ಕೂ ಬೇರೆ ಅಂಕ ಬೇಕು. ಯಾರಿಗೆ ಯಾವ ಕಾಗದ ಓದಲು ಬರುತ್ತದೆ ಎಂಬುದೇ ತನಿಖೆಯ ಅರ್ಧ ಭಾಗವಾಗುತ್ತದೆ. ಜಾತಿಯೂ ಬರುತ್ತದೆ, ಯಾರ ಮನೆಯೊಳಗೆ ಯಾರು ಕಾಲಿಡಬಹುದಿತ್ತು ಎಂಬುದನ್ನು ಅಳಿಸಿದರೆ ಆ ಕಾಲವೇ ಇರುವುದಿಲ್ಲ. ಎಷ್ಟು ತರಬೇಕೆಂದು ಮೇಜಿನವರೆಲ್ಲ ಮೊದಲೇ ಮಾತಾಡಿಕೊಳ್ಳಿ.

ಭೂತಕೋಲದ ಮಾತು ಬೇರೆ. ತುಳುನಾಡು ಆಗ ಮೈಸೂರಿನಲ್ಲಿ ಇರಲಿಲ್ಲ, ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಅದಕ್ಕಿಂತ ದೊಡ್ಡ ಮಾತು, ಪಂಜುರ್ಲಿ, ಗುಳಿಗ ಇಂದಿಗೂ ಜನ ಕೈಮುಗಿಯುವ, ನ್ಯಾಯ ಕೇಳುವ ದೈವಗಳು. ಅವುಗಳಿಗೆ ಜೀವಾಂಕ, ಸ್ಯಾನಿಟಿ ನಷ್ಟ ಬರೆದು ರಾಕ್ಷಸರ ಪಟ್ಟಿಗೆ ಸೇರಿಸಬೇಡಿ. ಲವ್‌ಕ್ರಾಫ್ಟ್ ಪರರ ಪೂಜೆ ಪದ್ಧತಿಗಳನ್ನೆಲ್ಲ ಭೀಕರವೆಂದು ಬಣ್ಣಿಸಿದ್ದಕ್ಕೆ ಅವನ ಜನಾಂಗದ್ವೇಷವೇ ಕಾರಣ. ಆ ದೋಷವನ್ನು ನಮ್ಮ ಕೈಯಾರೆ ನಮ್ಮ ಊರಿಗೆ ತರುವುದು ಬೇಡ. ನಿಮ್ಮ ಕಥೆಯ ಭೀತಿ ಯಾವ ನಂಬಿಕೆಗೂ ಸೇರದ, ಹೆಸರಿಲ್ಲದ ಒಂದು ಇರಲಿ. ದೈವಸ್ಥಾನದ ಹಿರಿಯರು ಅದನ್ನು ಕಂಡು ‘ಇದು ನಮ್ಮದಲ್ಲ, ನಮಗೂ ತಿಳಿಯದು’ ಎಂದು ಹೇಳಲಿ. ಆ ಮಾತು ಕೇಳಿದ ಮೇಲೆ ತನಿಖೆಗಾರರು ಯಾರ ಬಳಿ ಹೋಗಬೇಕೆಂದು ಯೋಚಿಸುತ್ತಾ ಕೂರುತ್ತಾರೆ, ಮುಂದಿನ ಆಟಕ್ಕೆ ಅಲ್ಲಿಂದಲೇ ಶುರುಮಾಡಿ.